ಸೆರಗಿಗೆ ಅರ್ಧ ಡೆನೇರಿಯಸ್: ಜರಾಯ್ ಸುಂಕದ ಕಲ್ಲಿನಲ್ಲಿ ‘ಪರದೇಶದ ಬಟ್ಟೆ’

ಅಲ್ಜೀರಿಯಾದ ಸೆತಿಫ್ ಪಟ್ಟಣದ ದಕ್ಷಿಣಕ್ಕೆ, ಕುರಿ-ಮೇಕೆ ಮೇಯುವ ಎತ್ತರದ ಬಯಲಿನಲ್ಲಿ ಒಂದು ಹಾಳೂರಿದೆ. ರೋಮನ್ನರ ಕಾಲದಲ್ಲಿ ಅದರ ಹೆಸರು ಜರಾಯ್. 19ನೇ ಶತಮಾನದಲ್ಲಿ ಅಲ್ಲಿ ಸಿಕ್ಕ ಒಂದು ಲ್ಯಾಟಿನ್ ಶಾಸನ ಈಗ ಲ್ಯಾಟಿನ್ ಶಾಸನಗಳ ಮಹಾಸಂಪುಟದ 8ನೇ ಭಾಗದಲ್ಲಿ 4508ನೇ ಸಂಖ್ಯೆಯಾಗಿ ಕೂತಿದೆ. ಅದರಲ್ಲಿ ರಾಜನ ಹೊಗಳಿಕೆ ಇಲ್ಲ, ಯುದ್ಧ ಇಲ್ಲ, ದಾನ ಇಲ್ಲ. ಇರುವುದು ಬರೀ ಸುಂಕದ ಪಟ್ಟಿ. ಯಾವ ಪ್ರಾಣಿಗೆ ಎಷ್ಟು, ಯಾವ ಚರ್ಮಕ್ಕೆ ಎಷ್ಟು, ಯಾವ ಬಟ್ಟೆಗೆ ಎಷ್ಟು. ನಮ್ಮ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆಗಳ ಶಾಸನಗಳನ್ನು ಓದಿ ರೂಢಿಯಾದವರಿಗೆ ಇದು ಬೇಗ ಹತ್ತಿರವಾಗುತ್ತೆ. ಈ ಕಲ್ಲಿನ ಒಂದೇ ಒಂದು ಭಾಗವನ್ನು, ಬಟ್ಟೆಯ ಭಾಗವನ್ನು ಮಾತ್ರ, ಇವತ್ತು ನಿಧಾನವಾಗಿ ನೋಡೋಣ ಅಂತ ನನ್ನ ಆಸೆ.

ಮೊದಲು ಕಾಲ. ಶಾಸನದ ತಲೆಯಲ್ಲಿ ಸೆಪ್ಟಿಮಿಯಸ್ ಸೆವೆರಸ್ ಮೂರನೇ ಬಾರಿ, ಅವನ ಮಗ ಆಂಟೊನಿನಸ್ (ನಾವು ಕ್ಯಾರಕಲ್ಲ ಎಂದು ಕರೆಯುವವನು) ಜೊತೆಗೂಡಿ ಕಾನ್ಸಲ್ ಆಗಿದ್ದಾಗ ಎಂದಿದೆ. ಅಂದ್ರೆ ಕ್ರಿ.ಶ. 202. ಶಕವರ್ಷ, ಸಂವತ್ಸರ, ತಿಥಿ, ವಾರ ಎಲ್ಲವನ್ನೂ ಗುಣಿಸಿ ನೋಡಬೇಕಾದ ನಮ್ಮ ಕಷ್ಟ ಇಲ್ಲಿಲ್ಲ. ಇಬ್ಬರು ಕಾನ್ಸಲ್‌ಗಳ ಹೆಸರು ಸಿಕ್ಕರೆ ವರ್ಷ ಸಿಕ್ಕಿತು.

ಅದರ ಕೆಳಗಿನ ಸಾಲೇ ಈ ಶಾಸನದ ಜೀವ: ‘ಲೆಕ್ಸ್ ಪೋರ್ಟುಸ್ ಪೋಸ್ಟ್ ಡಿಸ್ಕೆಸ್ಸುಮ್ ಕೊಹೊರ್ಟಿಸ್ ಇನ್‌ಸ್ಟಿಟೂಟ’. ಸೇನಾತುಕಡಿ ಹೊರಟುಹೋದ ಮೇಲೆ ಸ್ಥಾಪಿಸಿದ ಪೋರ್ಟುಸ್‌ನ ಕಟ್ಟಳೆ. ಪೋರ್ಟುಸ್ ಅಂದರೆ ಬಂದರು ತಾನೇ, ಜರಾಯ್‌ಗೂ ಸಮುದ್ರಕ್ಕೂ ಎಲ್ಲಿಂದೆಲ್ಲಿಯ ನಂಟು ಅಂತ ಕೇಳಬಹುದು. ಲ್ಯಾಟಿನ್‌ನಲ್ಲಿ ಸುಂಕಕ್ಕೆ ಪೋರ್ಟೋರಿಯುಮ್ ಎಂದು ಹೆಸರು. ಅದನ್ನು ವಸೂಲು ಮಾಡುವ ಜಾಗ ಒಣನೆಲದಲ್ಲಿದ್ದರೂ ಪೋರ್ಟುಸ್ಸೇ. ನಮ್ಮ ಮಾತಿನಲ್ಲಿ ಹೇಳುವುದಾದರೆ ಸುಂಕದಕಟ್ಟೆ. ಬೆಂಗಳೂರಿನ ಬಸ್ಸಿನ ಬೋರ್ಡಿನಲ್ಲಿ ದಿನಾ ಆ ಹೆಸರು ಓದುವವರಿಗೆ ಬೇರೆ ವಿವರಣೆ ಬೇಕಿಲ್ಲ.

ಸೈನ್ಯ ಹೋದ ಮೇಲೇ ಯಾಕೆ ಕಟ್ಟಳೆ ಕೊರೆಸಬೇಕಾಯಿತು? ಇತಿಹಾಸಕಾರ ಟ್ಯಾಸಿಟಸ್ ಕ್ರಿ.ಶ. 58ರ ಒಂದು ಸಂಗತಿ ಬರೆದಿಟ್ಟಿದ್ದಾನೆ. ಸುಂಕದ ಗುತ್ತಿಗೆದಾರರ ಕಾಟ ತಾಳಲಾರದೆ ಜನ ಗಲಾಟೆ ಮಾಡಿದಾಗ, ನೀರೊ ಚಕ್ರವರ್ತಿ ಎಲ್ಲ ಸುಂಕವನ್ನೂ ತೆಗೆದುಹಾಕುವ ಯೋಚನೆ ಮಾಡಿದನಂತೆ. ಹಿರಿಯರು ಬೇಡ ಅಂದರು. ಕೊನೆಗೆ ಹೊರಟ ಆಜ್ಞೆಯಲ್ಲಿ ನಮಗೆ ಬೇಕಾದ ಎರಡು ಮಾತಿವೆ: ಅಲ್ಲಿಯವರೆಗೆ ಗುಟ್ಟಾಗಿದ್ದ ಸುಂಕದ ಕಟ್ಟಳೆಗಳನ್ನು ಎಲ್ಲರಿಗೂ ಕಾಣುವಂತೆ ಬರೆದು ಹಾಕಬೇಕು, ಸೈನಿಕರಿಗೆ ವಿನಾಯಿತಿ ಮುಂದುವರಿಯಬೇಕು, ಆದರೆ ಅವರು ಮಾರಾಟಕ್ಕೆ ಒಯ್ಯುವ ಸರಕಿಗೆ ಮಾತ್ರ ವಿನಾಯಿತಿ ಇಲ್ಲ. ಒಂದು ದಪ್ಪ ಕಂಬಳಿ ಸೈನಿಕನ ಹೆಗಲ ಮೇಲಿದ್ದರೆ ಅದು ಅವನ ಉಡುಪು, ಸುಂಕವಿಲ್ಲ. ಅದೇ ಕಂಬಳಿ ಅವನ ಮೂಟೆಯಲ್ಲಿ ಇನ್ನೂ ಹತ್ತರ ಜೊತೆ ಇದ್ದರೆ ಸರಕು, ಸುಂಕ ಉಂಟು. ಜರಾಯ್‌ನಲ್ಲಿ ತುಕಡಿ ಬೀಡುಬಿಟ್ಟಿದ್ದಷ್ಟು ದಿನ, ದ್ವಾರದಲ್ಲಿ ಹಾಯುತ್ತಿದ್ದ ಮಾಲಿನಲ್ಲಿ ಒಳ್ಳೆಯ ಪಾಲು ಸೈನ್ಯದ್ದು, ಸೈನ್ಯಕ್ಕಾಗಿ ಬಂದದ್ದು. ಅದು ಹೋದ ಮೇಲೆ ಉಳಿದವರು ವ್ಯಾಪಾರಿಗಳು ಮತ್ತು ಮಂದೆ ಹೊಡೆದುಕೊಂಡು ಬರುವವರು. ಆಗ ಯಾರಿಗೆ ಎಷ್ಟು ಅನ್ನುವುದು ಕಲ್ಲಿನ ಮೇಲೆ ಬರಬೇಕಾಯಿತು. ನಾನು ಈ ಸಾಲನ್ನು ಓದಿಕೊಳ್ಳುವುದು ಹೀಗೆ.

ಪಟ್ಟಿ ನಾಲ್ಕು ಭಾಗದಲ್ಲಿದೆ. ಮೊದಲನೆಯದು ತಲೆಲೆಕ್ಕದ ಕಟ್ಟಳೆ, ಅಂದರೆ ಪ್ರಾಣಿಗಳದ್ದು (ಗುಲಾಮರದ್ದೂ ಇದೇ ಭಾಗದಲ್ಲಿ, ಆ ಮಾತಿಗೆ ಆಮೇಲೆ ಬರುತ್ತೇನೆ). ಎರಡನೆಯದು ‘ಲೆಕ್ಸ್ ವೆಸ್ಟಿಸ್ ಪೆರೆಗ್ರೀನೆ’, ಪರದೇಶದ ಬಟ್ಟೆಯ ಕಟ್ಟಳೆ. ಮೂರನೆಯದು ಚರ್ಮದ್ದು, ಅದರಲ್ಲಿ ಹದಮಾಡಿದ ತೊಗಲು, ಕುರಿ-ಮೇಕೆಯ ಚರ್ಮ, ಅಂಟು, ಸ್ಪಂಜು. ನಾಲ್ಕನೆಯದರಲ್ಲಿ ದ್ರಾಕ್ಷಾರಸ, ಮೀನಿನ ಗಾರುಮ್, ಖರ್ಜೂರ, ಅಂಜೂರ, ರಾಳ, ಪಟಿಕ ಇತ್ಯಾದಿ. ಬಟ್ಟೆಯ ಭಾಗದಲ್ಲಿ ಐದೇ ಸಾಲು:

ಅಬೊಲ್ಲ ಕೇನತೋರಿಯ (ಊಟದ ಮೇಲ್ಹೊದಿಕೆ): 1½ ಡೆನೇರಿಯಸ್
ಟ್ಯೂನಿಕ ಟೆರ್ನಾರಿಯ (ನಿಲುವಂಗಿ): 1½ ಡೆನೇರಿಯಸ್
ಲೋಡಿಕ್ಸ್ (ಹೊದೆಯುವ ಕಂಬಳಿ): ½ ಡೆನೇರಿಯಸ್
ಕೆನ್ನೀಲಿ ಬಣ್ಣದ ಸಾಗುಮ್: 1 ಡೆನೇರಿಯಸ್
ಉಳಿದ ಆಫ್ರಿಕದ ಬಟ್ಟೆ, ಲಾಕಿನಿಯ ಒಂದಕ್ಕೆ: ½ ಡೆನೇರಿಯಸ್

ಡೆನೇರಿಯಸ್ ಅಂದರೆ ಬೆಳ್ಳಿ ನಾಣ್ಯ. ನಮ್ಮ ಸಂಸ್ಕೃತ ಶಾಸನಗಳಲ್ಲಿ ಬರುವ ‘ದೀನಾರ’ ಇದರದೇ ಸಂತಾನ.

ಈ ಐದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಎರಡು: ಅಬೊಲ್ಲ ಮತ್ತು ಸಾಗುಮ್. ಎರಡೂ ಹುಟ್ಟಿನಿಂದ ಮೈ ಕಾಯುವ ಬಟ್ಟೆಗಳು. ಅಬೊಲ್ಲ ದಪ್ಪ ಉಣ್ಣೆಯ ಮೇಲ್ಹೊದಿಕೆ. ಸೈನಿಕರು, ಪಯಣಿಗರು ಹೊದೆಯುತ್ತಿದ್ದದ್ದು. ಸಾಗುಮ್ ಅಂತೂ ಸೈನಿಕನ ಗುರುತೇ ಆಗಿಹೋಗಿತ್ತು. ಗಾಲ್ ಜನರಿಂದ ಬಂದ, ಹೊಲಿಗೆಯಿಲ್ಲದ ಒಂದು ಚೌಕ ಉಣ್ಣೆ. ಬಲ ಹೆಗಲ ಮೇಲೆ ಒಂದು ಪಿನ್ನು ಚುಚ್ಚಿದರೆ ಆಯಿತು. ಕುರಿಯ ಉಣ್ಣೆಯ ಜಿಡ್ಡು ಪೂರ್ತಿ ತೆಗೆಯದೆ ನೇಯ್ದರೆ ಮಳೆ ನೀರು ಬೇಗ ಒಳಗಿಳಿಯುವುದಿಲ್ಲ ಅನ್ನುವುದು ನಮ್ಮ ಕಂಬಳಿ ಕೊಪ್ಪೆ ಹೊದ್ದು ಗದ್ದೆಗಿಳಿದವರಿಗೆ ಗೊತ್ತು. ಹಗಲು ಹೊದಿಕೆ, ರಾತ್ರಿ ಹಾಸಿಗೆ. ‘ಸಾಗುಮ್ ತೊಟ್ಟರು’ ಅಂದರೆ ಲ್ಯಾಟಿನ್‌ನಲ್ಲಿ ಯುದ್ಧಕ್ಕೆ ನಿಂತರು ಎಂದೇ ಅರ್ಥ. ನಾವು ಟೊಂಕ ಕಟ್ಟಿದರು ಅನ್ನುವ ಹಾಗೆ.

ಸುಂಕದವನ ತಲೆನೋವು ಇಲ್ಲೇ ಶುರು. ಸಾಗುಮ್ ಯಾವುದು, ಲೋಡಿಕ್ಸ್ ಯಾವುದು? ಎರಡೂ ಉಣ್ಣೆಯ ಚೌಕಗಳೇ. ಇದು ನನ್ನ ಊಹೆಯಲ್ಲ. ಈಜಿಪ್ಟಿನ ಫಿಲಡೆಲ್ಫಿಯ ಎಂಬ ಊರಿನ ನೇಕಾರರಿಗೆ ಕ್ರಿ.ಶ. 138ರಲ್ಲಿ ಸೈನ್ಯಕ್ಕಾಗಿ ಬಟ್ಟೆ ನೇಯಿಸಲು ಮುಂಗಡ ಕೊಟ್ಟ ಒಂದು ಪಪೈರಸ್ ಉಳಿದಿದೆ. ಕಪ್ಪದೋಕಿಯದ ಸೈನಿಕರಿಗೆ ನಾಲ್ಕು ಬಿಳಿ ಸಿರಿಯನ್ ಹೊದಿಕೆ: ಉದ್ದ 6 ಮೊಳ, ಅಗಲ 4 ಮೊಳ, ತೂಕ 3¾ ಮಿನ, ಒಂದಕ್ಕೆ 24 ದ್ರಾಕ್ಮ. ಸೇನೆಯ ಆಸ್ಪತ್ರೆಗೆ ಒಂದು ಬಿಳಿ ಕಂಬಳಿ: ಉದ್ದ 6 ಮೊಳ, ಅಗಲ 4 ಮೊಳ, ತೂಕ 4 ಮಿನ, 28 ದ್ರಾಕ್ಮ. ಅಳತೆ ಒಂದೇ. ತೂಕದಲ್ಲಿ ಕಾಲು ಮಿನದ ವ್ಯತ್ಯಾಸ. ಹೆಗಲ ಮೇಲೆ ಬಿದ್ದರೆ ಉಡುಪು, ರೋಗಿಯ ಮೇಲೆ ಹೊದಿಸಿದರೆ ಕಂಬಳಿ. ಮೂಟೆಯಲ್ಲಿ ಮಡಚಿಟ್ಟಾಗ ಅದು ಏನು?

ಜರಾಯ್‌ನ ಕಲ್ಲು ಈ ಪ್ರಶ್ನೆಗೆ ಕೈಹಾಕುವುದೇ ಇಲ್ಲ. ಅದು ಮಾಡಿದ ಉಪಾಯ ನೋಡಿ. ಬರೀ ‘ಸಾಗುಮ್’ ಎಂಬ ಬಾಬು ಪಟ್ಟಿಯಲ್ಲಿಲ್ಲ, ಇರುವುದು ಬಣ್ಣದ ಸಾಗುಮ್. ಬರೀ ‘ಅಬೊಲ್ಲ’ ಇಲ್ಲ, ಇರುವುದು ಊಟದ ಅಬೊಲ್ಲ. ಬಣ್ಣ ಹಾಕದ, ಮಳೆ-ಚಳಿಗೆ ಹೊದೆಯುವ ಸಾದಾ ಸಾಗುಮ್ ಕೊನೆಯ ಸಾಲಿಗೆ, ‘ಉಳಿದದ್ದು’ ಎಂಬ ಬಾಬಿಗೆ ಇಳಿಯುತ್ತೆ, ಅರ್ಧ ಡೆನೇರಿಯಸ್. ಲೋಡಿಕ್ಸ್‌ಗೂ ಅರ್ಧವೇ. ಅಂದರೆ ಸಾದಾ ಸಾಗುಮ್ಮೋ ಕಂಬಳಿಯೋ ಅಂತ ಜಗಳ ಆಡುವ ಅಗತ್ಯವೇ ಇಲ್ಲ, ಎರಡಕ್ಕೂ ಒಂದೇ ದರ. ಜಗಳ ಬರುವುದು ಬಣ್ಣ ಇದ್ದಾಗ. ಬಣ್ಣ ಕಣ್ಣಿಗೆ ಕಾಣುತ್ತಲ್ಲ!

ಈ ಇಡೀ ಭಾಗದ ಕೀಲಿ ಇಲ್ಲಿದೆ ಅಂತ ನನಗನಿಸುತ್ತೆ. ಜರಾಯ್‌ನ ದರಗಳು ಬೆಲೆಯ ಮೇಲಿನ ಶೇಕಡಾ ಅಲ್ಲ, ತುಂಡಿಗೆ ಇಷ್ಟು ಅಂತ. ರೋಮ್ ಸಾಮ್ರಾಜ್ಯದ ಹಲವು ಕಡೆ ಸುಂಕ ಬೆಲೆಯ ನಲವತ್ತನೇ ಒಂದು ಪಾಲು, ಅಂದರೆ 2.5%. ಪೂರ್ವದ ಗಡಿಯಲ್ಲಿ ನಮ್ಮ ಕಡೆಯಿಂದ ಹೋಗುತ್ತಿದ್ದ ಮಾಲಿಗೆ ನಾಲ್ಕನೇ ಒಂದು ಪಾಲು, 25%. ಕೇರಳದ ಮುಝಿರಿಸ್‌ನಿಂದ ಹೊರಟ ಹೆರ್ಮಪೊಲ್ಲೋನ್ ಎಂಬ ಹಡಗಿನ ಸರಕಿನ ಲೆಕ್ಕ ಇರುವ ಪಪೈರಸ್‌ನಲ್ಲಿ ಅದನ್ನು ನೋಡಬಹುದು. ಪಾಲು ತೆಗೆಯಬೇಕಾದರೆ ಮೊದಲು ಬೆಲೆ ಕಟ್ಟಬೇಕು. ಅಲೆಕ್ಸಾಂಡ್ರಿಯದಲ್ಲಿ ಅದಕ್ಕೆ ಜನ ಇದ್ದರು, ತಕ್ಕಡಿ ಇತ್ತು, ಲೆಕ್ಕದವರಿದ್ದರು. ಜರಾಯ್‌ನಂಥ ಧೂಳಿನ ಕಟ್ಟೆಯಲ್ಲಿ ಕೂತವನಿಗೆ ಉಣ್ಣೆ ಯಾವ ಊರಿನದು, ನೂಲು ಎಷ್ಟು ಸಣ್ಣದು ಎಂದೆಲ್ಲ ಬೆಲೆ ಕಟ್ಟಲು ಪುರಸೊತ್ತಿಲ್ಲ, ಪರಿಣತಿಯೂ ಇಲ್ಲ. ಅದಕ್ಕೇ ಕಟ್ಟಳೆ ಬರೆದವರು ಬೆಲೆ ಕಟ್ಟುವ ಕೆಲಸವನ್ನು ವಿಶೇಷಣಗಳಿಗೆ ಒಪ್ಪಿಸಿದರು. ‘ಊಟದ’ ಎಂಬ ಒಂದು ಪದ ಬಿದ್ದರೆ ಮೂರು ಪಟ್ಟು. ‘ಕೆನ್ನೀಲಿ’ ಬಿದ್ದರೆ ಎರಡು ಪಟ್ಟು. ಟ್ಯೂನಿಕದ ‘ಟೆರ್ನಾರಿಯ’ ಕೂಡ ಇಂಥದೇ. ಅದರಲ್ಲಿ ಮೂರು ಎಂಬ ಅಂಕೆ ಇದೆ, ಮೂರು ಏನು ಎಂಬುದನ್ನು ವಿದ್ವಾಂಸರಿಗೆ ಬಿಡೋಣ, ಕಟ್ಟೆಯವನಿಗೆ ಮಾತ್ರ ಅದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು.

ಆಫ್ರಿಕದಲ್ಲಿ ಕೆನ್ನೀಲಿಗೆ ಕೊರತೆ ಇರಲಿಲ್ಲ. ಕಡಲ ಶಂಖುಹುಳುವಿನಿಂದ ತೆಗೆಯುವ ಆ ಬಣ್ಣಕ್ಕೆ ಆಫ್ರಿಕದ ಕರಾವಳಿಯಲ್ಲಿ ಮೆನಿಂಕ್ಸ್ (ಇಂದಿನ ಟುನೀಸಿಯದ ಜೆರ್ಬಾ ದ್ವೀಪ) ಮತ್ತು ಗೆಟೂಲಿಯದ ತೀರ ಹೆಸರಾದವು ಎಂದು ಪ್ಲಿನಿ ಬರೆಯುತ್ತಾನೆ. ಬಣ್ಣದ ಸಾಗುಮ್ ಹೊದ್ದವನು ಚಳಿಗಷ್ಟೇ ಹೊದ್ದವನಲ್ಲ. ಸುಂಕದವನಿಗೂ ಅದು ಗೊತ್ತು.

ಇನ್ನು ಕೊನೆಯ ಸಾಲು. ಒಗಟು ಇರುವುದೇ ಅಲ್ಲಿ. ಶೀರ್ಷಿಕೆ ಹೇಳುವುದು ‘ಪರದೇಶದ ಬಟ್ಟೆ’. ಆದರೆ ಅದರಡಿಯ ಕೊನೆಯ ಬಾಬು ‘ಉಳಿದ ಆಫ್ರಿಕದ ಬಟ್ಟೆ’. ಆಫ್ರಿಕದಲ್ಲೇ ಇರುವ ಊರಿಗೆ ಆಫ್ರಿಕದ ಬಟ್ಟೆ ಪರದೇಶದ್ದು ಹೇಗಾಗುತ್ತೆ? ‘ಉಳಿದ’ ಅಂದಮೇಲೆ ಮೇಲಿನ ನಾಲ್ಕೂ ಆಫ್ರಿಕದವೇ ಎಂದಾಗುವುದಿಲ್ಲವೇ?

ಒಂದು ಉತ್ತರ ಆಡಳಿತದ್ದು. ರೋಮನ್ನರ ಕಾಗದಪತ್ರದಲ್ಲಿ ‘ಆಫ್ರಿಕ’ ಅಂದರೆ ಖಂಡವಲ್ಲ, ಕಾರ್ಥೇಜ್ ರಾಜಧಾನಿಯಾಗಿದ್ದ ಒಂದು ಪ್ರಾಂತ್ಯ. ಜರಾಯ್ ಇದ್ದದ್ದು ನುಮಿಡಿಯದಲ್ಲಿ, ಸೆವೆರಸ್‌ನ ಕಾಲದಲ್ಲೇ ಅದು ಬೇರೆ ಪ್ರಾಂತ್ಯವಾಯಿತು. ಪಶ್ಚಿಮಕ್ಕೆ ಮೌರೆಟೇನಿಯ. ಹಾಗಾಗಿ ಪೂರ್ವದಿಂದ ಬಂದ ಆಫ್ರಿಕದ ಬಟ್ಟೆ ಹೊರಗಿನದೇ. ಇನ್ನೊಂದು ಉತ್ತರ ಶಬ್ದದ್ದು. ‘ಪೆರೆಗ್ರೀನುಸ್’ ಪದದ ಬೇರಿನಲ್ಲಿ ‘ಆಗೆರ್’, ಅಂದರೆ ಹೊಲ, ಊರಿನ ನೆಲ, ಇದೆ. ಹೊಲ ದಾಟಿ ಬಂದವನು ಪೆರೆಗ್ರೀನುಸ್. ಕಡಲು ದಾಟಬೇಕಿಲ್ಲ. ಕನ್ನಡದ ಓದುಗರಿಗೆ ಇದು ಸುಲಭ, ಯಾಕಂದರೆ ನಮ್ಮ ವರ್ತಕ ಶಾಸನಗಳ ‘ಸ್ವದೇಶಿ’, ‘ಪರದೇಶಿ’, ‘ನಾನಾದೇಶಿ’ಗಳಲ್ಲಿ ದೇಶ ಅಂದರೆ ಇವತ್ತಿನ ಪಾಸ್‌ಪೋರ್ಟಿನ ದೇಶವಲ್ಲ. ಪಕ್ಕದ ನಾಡಿನಿಂದ ಬಂದ ಸೆಟ್ಟಿಯೂ ಪರದೇಶಿಯೇ. (ಆ ಪದ ಇಳಿದೂ ಇಳಿದೂ ದಿಕ್ಕಿಲ್ಲದವನು ಎಂಬ ಅರ್ಥಕ್ಕೆ ಬಂದು ನಿಂತಿದೆ. ಸಣ್ಣ ಸುಂಕಗಳಿಗೆ ಹೆಸರಾಗಿದ್ದ ‘ಕಿಱುಕುಳ’ ಇವತ್ತಿನ ಕಿರುಕುಳ ಆದ ಹಾಗೆ. ಎರಡರ ಹಿಂದೆಯೂ ಸುಂಕದಕಟ್ಟೆಯ ನೆನಪು ಇದೆಯೋ ಏನೋ ಅಂತ ಒಮ್ಮೊಮ್ಮೆ ನಗು ಬರುತ್ತೆ.) ನನ್ನ ಒಲವು ಎರಡನೇ ಉತ್ತರದ ಕಡೆಗೆ. ‘ಪರ’ ಎಂಬುದನ್ನು ಕಟ್ಟೆಯಿಂದ ಅಳೆದಿದ್ದಾರೆ, ಸಾಮ್ರಾಜ್ಯದ ಗಡಿಯಿಂದಲ್ಲ.

‘ಇನ್ ಸಿಂಗುಲಾಸ್ ಲಾಕಿನಿಯಾಸ್’ ಎಂಬ ಎಣಿಕೆಯ ಕ್ರಮವಂತೂ ನನಗೆ ಬಹಳ ಇಷ್ಟ. ಲಾಕಿನಿಯ ಅಂದರೆ ಮೂಲದಲ್ಲಿ ಬಟ್ಟೆಯ ಅಂಚು, ಇಳಿಬಿಟ್ಟ ತುದಿ. ನಮ್ಮ ಸೆರಗು. ಆಮೇಲೆ ಅದು ಬಟ್ಟೆಯ ತುಂಡು ಎಂಬ ಅರ್ಥಕ್ಕೆ ಬಂತು. ಮಡಚಿ ಒಂದರ ಮೇಲೊಂದು ಪೇರಿಸಿದ ಬಟ್ಟೆಗಳನ್ನು ಬಿಚ್ಚದೆ ಎಣಿಸಬೇಕಾದರೆ ಅಂಚು ಎಣಿಸಬೇಕು. ಜವಳಿ ಅಂಗಡಿಯವರು ಈಗಲೂ ಹಾಗೇ ಎಣಿಸುತ್ತಾರೆ. ನಮ್ಮ ಶಾಸನಗಳಲ್ಲಿ ಹೆಚ್ಚಾಗಿ ಕಾಣುವ ಅಳತೆ ಹೇರು: ಎತ್ತಿನ ಹೇರಿಗೆ ಇಷ್ಟು, ಕತ್ತೆಯ ಹೇರಿಗೆ ಇಷ್ಟು. ಹೇರು ಎಣಿಸುವವನು ಮೂಟೆ ಬಿಚ್ಚುವುದಿಲ್ಲ. ಸೆರಗು ಎಣಿಸುವವನು ಬಿಚ್ಚುತ್ತಾನೆ. ವರ್ತಕನಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ತುಂಡಿನ ಲೆಕ್ಕದಲ್ಲಿ ಹೊರೆ ಯಾರ ಮೇಲೆ ಬೀಳುತ್ತೆ? ಕ್ರಿ.ಶ. 301ರಲ್ಲಿ ಡಯೊಕ್ಲೀಷಿಯನ್ ಹೊರಡಿಸಿದ ಬೆಲೆಗಳ ಶಾಸನದಲ್ಲಿ ಗಾಲ್ ದೇಶದ ಸಾಗುಮ್‌ಗೆ 8000 ಡೆನೇರಿಯಸ್, ಆಫ್ರಿಕದ ಸಾಗುಮ್‌ಗೆ 500 ಎಂದು ಗರಿಷ್ಠ ಬೆಲೆ ಕಟ್ಟಿದ್ದಾರೆ. ನಡುವಿನ ನೂರು ವರ್ಷದಲ್ಲಿ ನಾಣ್ಯದ ಬೆಲೆ ಕುಸಿದುಹೋಗಿತ್ತು, ಆದ್ದರಿಂದ ಮೊತ್ತವನ್ನು ಜರಾಯ್‌ಗೆ ಹೋಲಿಸಬಾರದು. ಅನುಪಾತ ಮಾತ್ರ ನೋಡಿ: ಹದಿನಾರು ಪಟ್ಟು. ಹೆಸರು ಒಂದೇ, ಸಾಗುಮ್. ತುಂಡಿಗೆ ಇಷ್ಟು ಎಂದು ಸುಂಕ ಹಾಕಿದರೆ ಅಗ್ಗದ ಬಟ್ಟೆ ಹೊದೆಯುವವನು ತನ್ನ ಬಟ್ಟೆಯ ಬೆಲೆಯಲ್ಲಿ ದೊಡ್ಡ ಪಾಲು ಕೊಡುತ್ತಾನೆ, ದುಬಾರಿಯವನು ಚಿಕ್ಕ ಪಾಲು. ಜರಾಯ್‌ನ ವಿಶೇಷಣಗಳು ಈ ಓರೆಯನ್ನು ಒಂದಿಷ್ಟು ನೆಟ್ಟಗೆ ಮಾಡುತ್ತವೆ, ಪೂರ್ತಿ ಅಲ್ಲ.

ಈಗ ಆಗ ಬಿಟ್ಟ ಮಾತು. ತಲೆಲೆಕ್ಕದ ಕಟ್ಟಳೆಯ ಮೊದಲ ಸಾಲು: ಗುಲಾಮರು, ತಲೆಗೆ 1½ ಡೆನೇರಿಯಸ್. ಕುದುರೆಗೂ 1½. ಹೇಸರಗತ್ತೆಗೂ 1½. ಬಟ್ಟೆಯ ಕಟ್ಟಳೆಯ ಮೊದಲ ಸಾಲು: ಊಟದ ಮೇಲ್ಹೊದಿಕೆ, 1½. ನೂರಾರು ಡೆನೇರಿಯಸ್‌ಗೆ ಮಾರಾಟವಾಗುತ್ತಿದ್ದ ಮನುಷ್ಯನಿಗೂ, ಹಬ್ಬದೂಟಕ್ಕೆ ಹೊದೆಯುವ ಬಟ್ಟೆಗೂ ಕಟ್ಟೆಯಲ್ಲಿ ಒಂದೇ ಚೀಟಿ. ಬರೆದವನಿಗೆ ಇದರಲ್ಲಿ ವಿಚಿತ್ರ ಏನೂ ಕಂಡಿರಲಿಕ್ಕಿಲ್ಲ. ಅವನ ಕೆಲಸ ಎಣಿಸುವುದು. ಸಾಲು ಸಾಲಾಗಿ ಓದುತ್ತಾ ಬಂದ ನಮಗೆ ಅಲ್ಲಿ ಒಂದು ಕ್ಷಣ ಉಸಿರು ನಿಲ್ಲುತ್ತೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನು ಫಲ ಅಂತ ನಮ್ಮ ಗಾದೆ ಕೇಳುತ್ತೆ. ಇಲ್ಲಿ ಹೇಳಿಕೊಳ್ಳಬೇಕಾದವನೇ ಪಟ್ಟಿಯ ಒಂದು ಬಾಬು.

ಇದಕ್ಕೆ ಜೋಡಿಯಾಗುವ ಒಂದು ಹಳೇ ಕಥೆ ಇದೆ. ಭಾರತಕ್ಕೆ ಹೊರಟಿದ್ದ ತತ್ವಜ್ಞಾನಿ ಅಪೊಲ್ಲೋನಿಯಸ್‌ನನ್ನು ಯೂಫ್ರಟೀಸ್ ನದಿಯ ಝುಗ್ಮದ ಕಟ್ಟೆಯಲ್ಲಿ ಏನೇನು ಒಯ್ಯುತ್ತಿದ್ದೀ ಎಂದು ಕೇಳಿದರಂತೆ. ಸಂಯಮ, ನ್ಯಾಯ, ಸದ್ಗುಣ ಅಂತ ಅವನು ಹೇಳುತ್ತಾ ಹೋದ. ಗ್ರೀಕ್‌ನಲ್ಲಿ ಇವೆಲ್ಲ ಸ್ತ್ರೀಲಿಂಗದ ಪದಗಳು. ಸುಂಕದವನು ‘ಹಾಗಾದರೆ ಈ ದಾಸಿಯರ ಹೆಸರುಗಳನ್ನು ಬರೆಸು’ ಅಂದ. ಅವರು ದಾಸಿಯರಲ್ಲ, ನನ್ನ ಒಡತಿಯರು ಎಂಬುದು ಅಪೊಲ್ಲೋನಿಯಸ್‌ನ ಉತ್ತರ. ಫಿಲೋಸ್ಟ್ರಾಟಸ್ ಇದನ್ನು ನಗೆಗಾಗಿ ಬರೆದಿದ್ದಾನೆ. ಜರಾಯ್‌ನ ಕಲ್ಲು ಓದಿದ ಮೇಲೆ ನನಗೆ ಆ ಸುಂಕದವನು ಪೆದ್ದನಾಗಿ ಕಾಣುವುದಿಲ್ಲ. ಪಟ್ಟಿಯಲ್ಲಿ ಯಾವ ಬಾಬಿನಡಿ ಹಾಕಲಿ ಎಂಬುದೊಂದೇ ಅವನ ಪ್ರಶ್ನೆ.

ಪಟ್ಟಿಯಲ್ಲಿ ಇಲ್ಲದ್ದು ಬಂದರೆ? ಸಿರಿಯದ ಪಾಲ್ಮೈರದಲ್ಲಿ ಕ್ರಿ.ಶ. 137ರಲ್ಲಿ ಗ್ರೀಕ್ ಮತ್ತು ಪಾಲ್ಮೈರದ ಭಾಷೆ ಎರಡರಲ್ಲೂ ಕೊರೆಸಿದ ದೊಡ್ಡ ಸುಂಕ ಶಾಸನ ಹುಟ್ಟಿದ್ದೇ ಈ ಕಾರಣಕ್ಕೆ. ಹಳೆಯ ಕಟ್ಟಳೆಯಲ್ಲಿ ಎಷ್ಟೋ ಸರಕಿನ ಹೆಸರೇ ಇರಲಿಲ್ಲ, ಬರೀ ರೂಢಿಯ ಮೇಲೆ ವಸೂಲಿ ನಡೆಯುತ್ತಿತ್ತು, ವರ್ತಕರಿಗೂ ಗುತ್ತಿಗೆದಾರರಿಗೂ ಮತ್ತೆ ಮತ್ತೆ ವ್ಯಾಜ್ಯ. ಕೊನೆಗೆ ನಗರಸಭೆ ಎಲ್ಲವನ್ನೂ ಬರೆಸಿ ರಬಸೇರೆ ದೇವಾಲಯದ ಎದುರು ನಿಲ್ಲಿಸಿತು. ಆ ಕಲ್ಲು ಈಗ ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟೇಜ್ ವಸ್ತುಸಂಗ್ರಹಾಲಯದಲ್ಲಿದೆ. ಜರಾಯ್‌ನವರು ಅದನ್ನು ‘ಉಳಿದದ್ದು’ ಎಂಬ ಒಂದು ಪದದಲ್ಲಿ ಮುಗಿಸಿದರು.

ಆ ‘ಉಳಿದದ್ದು’ ಇವತ್ತಿಗೂ ಬದುಕಿದೆ. 1988ರ ಜನವರಿ 1ರಿಂದ ಜಾರಿಯಲ್ಲಿರುವ ಸರಕುಗಳ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ, ನಮ್ಮ ಕಸ್ಟಮ್ಸ್ ಕೂಡ ಬಳಸುವುದು ಅದನ್ನೇ, ಬಹುತೇಕ ಪ್ರತಿ ಶೀರ್ಷಿಕೆಯ ಕೊನೆಗೆ ‘ಇತರೆ’ ಕೂತಿರುತ್ತೆ. 2020ರ ಕೊರೋನಾ ಕಾಲದಲ್ಲಿ ಆಸ್ಪತ್ರೆಯವರು ತೊಟ್ಟ ಬಿಳಿ ಕವರಾಲ್ ನೆನಪು ಮಾಡಿಕೊಳ್ಳಿ. ಆ ವರ್ಷದ ಜನವರಿ 31ಕ್ಕೆ ಭಾರತ ಅದರ ರಫ್ತು ನಿಲ್ಲಿಸಿತು, ಮುಂದೆ ಬೆಂಗಳೂರಿನ ಗಾರ್ಮೆಂಟ್ಸ್‌ಗಳು ಶರ್ಟು ಬಿಟ್ಟು ಅದನ್ನೇ ಹೊಲಿಯತೊಡಗಿದವು. ಸುಂಕದ ಪಟ್ಟಿಯಲ್ಲಿ ಅದರ ಜಾಗ ಯಾವುದು? ನೇಯದೆ ಅಂಟಿಸಿ ಮಾಡಿದ ಬಟ್ಟೆಯದಾದರೆ 6210. ಬರೀ ಪ್ಲಾಸ್ಟಿಕ್ ಹಾಳೆಯದಾದರೆ 3926. ಹೆಣೆದ ಬಟ್ಟೆಗೆ ಲೇಪ ಕೊಟ್ಟದ್ದಾದರೆ 6113. ತೊಟ್ಟವನಿಗೆ ಮೂರೂ ಒಂದೇ. 6210ರ ಶೀರ್ಷಿಕೆಯಲ್ಲಿ ‘ರಕ್ಷಣೆ’ ಎಂಬ ಮಾತೇ ಇಲ್ಲ. ಇರುವುದು ಯಾವ ಯಾವ ಬಟ್ಟೆಯಿಂದ ಹೊಲಿದದ್ದು ಎಂಬ ಸಂಖ್ಯೆಗಳು ಮಾತ್ರ. ಒಂದು ಉಡುಪು 6210ಕ್ಕೂ ಅದೇ ಅಧ್ಯಾಯದ ಬೇರೆ ಶೀರ್ಷಿಕೆಗೂ ಹೊಂದುವಂತಿದ್ದರೆ 6210ಕ್ಕೇ ಹಾಕಿ ಎಂದು ಟಿಪ್ಪಣಿ ಇದೆ, ಕೂಸುಗಳ ಬಟ್ಟೆಯೊಂದನ್ನು ಬಿಟ್ಟು. ಜರಾಯ್‌ನವರು ಬಟ್ಟೆಯನ್ನು ಬಳಕೆಯಿಂದ, ಬಣ್ಣದಿಂದ ವಿಂಗಡಿಸಿದರು. ನಮ್ಮವರು ವಸ್ತುವಿನಿಂದ ವಿಂಗಡಿಸುತ್ತಾರೆ. ಎದುರುಬದುರು ಅನಿಸಿದರೂ ಕಾರಣ ಒಂದೇ: ದ್ವಾರದಲ್ಲಿ ನಿಂತವನು ಏನನ್ನು ಪರೀಕ್ಷಿಸಬಲ್ಲನೋ ಅದೇ ವಿಂಗಡಣೆಯ ಗೆರೆ. ಅವನಿಗೆ ಕಣ್ಣಿತ್ತು, ಇವರಿಗೆ ಪ್ರಯೋಗಾಲಯವಿದೆ.

ನಮ್ಮ ಕಡೆಯ ಶಾಸನಗಳಿಗೂ ಇದಕ್ಕೂ ಒಂದು ದೊಡ್ಡ ಅಂತರವಿದೆ. ನಮ್ಮ ಸುಂಕದ ಶಾಸನಗಳಲ್ಲಿ ಹೆಚ್ಚಿನವು ದಾನಶಾಸನಗಳು: ಇಂಥ ದೇವರ ನಂದಾದೀವಿಗೆಗೆ ಇಂಥ ಸುಂಕ ಬಿಟ್ಟೆವು ಎಂಬುದು ಅವುಗಳ ಉದ್ದೇಶ. ಹಣ ಎಲ್ಲಿಗೆ ಹೋಗುತ್ತೆ ಎಂದು ಅವು ಹೇಳುತ್ತವೆ. ಜರಾಯ್‌ನ ಕಲ್ಲು ಹಣ ಎಷ್ಟು ಎಂದು ಕೊಡುವವನಿಗೆ ಹೇಳುತ್ತೆ, ಎಲ್ಲಿಗೆ ಹೋಗುತ್ತೆ ಎಂದು ಹೇಳುವುದಿಲ್ಲ. ಹಾಗಾಗಿ ನಮ್ಮಲ್ಲಿ ಬಟ್ಟೆಯ ದರ ಸಿಗುವುದು ದಾನದ ಪಟ್ಟಿಯ ನಡುವೆ ಎಲ್ಲೋ ಒಂದು ಮೂಲೆಯಲ್ಲಿ, ಎಲೆ-ಅಡಕೆ-ಮೆಣಸಿನ ಹೇರುಗಳ ಪಕ್ಕದಲ್ಲಿ. ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳನ್ನು ನಾನು ಈಗ ಆ ಕಣ್ಣಿನಿಂದ ಮತ್ತೆ ತಿರುವಿಹಾಕುತ್ತಿದ್ದೇನೆ. ಜವಳಿಯನ್ನು ಹೇರಿನ ಲೆಕ್ಕದಲ್ಲಲ್ಲದೆ ತುಂಡಿನ ಲೆಕ್ಕದಲ್ಲಿ ಹೇಳುವ ಶಾಸನ, ಅದರಲ್ಲೂ ಕಂಬಳಿಗೆ ಬೇರೆ ದರ ಇರುವಂಥದ್ದು, ನಿಮ್ಮ ಕಣ್ಣಿಗೆ ಬಿದ್ದಿದ್ದರೆ ಸಂಪುಟ, ತಾಲೂಕು, ಸಂಖ್ಯೆ ಸಮೇತ ದಯವಿಟ್ಟು ತಿಳಿಸಿ.